ಸುಣ್ಣದ ತಿಳಿನೀರು

ಹೆಂಡತಿಯ ಚಿತೆಗೆ ಬೆಂಕಿ ಇಟ್ಟು ಬಂದ ಮಧ್ಯಾಹ್ನ ನನಗೆ ಹಸಿವಾಯಿತು. ಹೊಟ್ಟೆ ಚುರ್ ಎಂದು ಸುಮ್ಮನಾಗುವ ಹಸಿವಲ್ಲ. ಮುಂದೆ ಏನಿಟ್ಟರೂ ತಿಂದುಬಿಡುವ ಹಸಿವು. ಸ್ಮಶಾನದ ನಲ್ಲಿಯಲ್ಲಿ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಆಟೋ ಹತ್ತಿ ಕಲ್ಪಳ್ಳಿಯಿಂದ ಹಲಸೂರಿಗೆ ಬರುತ್ತಿದ್ದೆವು. ಜೊತೆಗಿದ್ದ ನೆಂಟರೊಬ್ಬರು ಒಂದು ಬೇಕರಿಯ ಮುಂದೆ ಆಟೋ ನಿಲ್ಲಿಸಿ, "ಒಂದು ಲೋಟ ಟೀ ಆದ್ರೂ ಕುಡೀರಿ, ಬೆಳಗ್ಗೆಯಿಂದ ಹಂಗೇ ಇದೀರ" ಎಂದರು. ಟೀ ಜೊತೆಗೆ ಒಂದು ಬನ್ನು ಕೈಗಿಟ್ಟರು. ತಿಂದೆ. ಆಮೇಲೆ ಯಾರನ್ನೂ ಕೇಳದೆ ಗಾಜಿನ ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ತೆಗೆದುಕೊಂಡೆ. ಅವರು ರಸ್ತೆಯ ಕಡೆ ತಿರುಗಿ ನಿಂತರು.

ಅಲ್ಲಿ ಅವಳು ಇನ್ನೂ ಉರಿಯುತ್ತಿದ್ದಳು. ಇಲ್ಲಿ ನಾನು ಬನ್ನು ಅಗಿಯುತ್ತಿದ್ದೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿದ್ದರೆ ಅರ್ಥವಾಗುತ್ತಿದ್ದದ್ದು ಅವಳಿಗೊಬ್ಬಳಿಗೇ.

ಅವಳು ಶಿವಾಜಿನಗರದ ಕಡೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನು ಹಲಸೂರಿನಲ್ಲಿ ಮಿಲಿಟರಿಯವರ ಯೂನಿಫಾರ್ಮ್ ಹೊಲಿಯುವ ದರ್ಜಿ. ಹತ್ತನೇ ತರಗತಿ ಹೇಗೋ ಪಾಸಾಗಿ ಅಲ್ಲಿಗೇ ಓದು ನಿಲ್ಲಿಸಿದವನು. ಓದಿದ ಹುಡುಗಿ ದರ್ಜಿಗೆ ಹೇಗೆ ಸಿಕ್ಕಳು ಎಂದು ಜನ ಆಡಿಕೊಂಡದ್ದುಂಟು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಹೃದಯದ ಕವಾಟವೊಂದನ್ನು ಕೆಡಿಸಿತ್ತು. ಅವಳ ಮನೆಯವರು ಅದನ್ನು ಮುಚ್ಚಿಡಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಹಿಂದೆ ಸರಿದರು, ನಾನು ಸರಿಯಲಿಲ್ಲ. ಅವಳನ್ನು ನನ್ನಿಂದ ಕಿತ್ತುಕೊಂಡ ಕಾಯಿಲೆಯೇ ಅವಳನ್ನು ನನಗೆ ಕೊಟ್ಟಿತ್ತು. ಆರೋಗ್ಯವಾಗಿದ್ದಿದ್ದರೆ ಅವಳು ನನ್ನ ಮನೆಗೆ ಬರುತ್ತಿರಲಿಲ್ಲ ಎನ್ನುವುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದರ ಸಂತೋಷವನ್ನು ಹೇಗೆ ಪಡಬೇಕೋ ಗೊತ್ತಾಗದೆ ಇದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಮಾವ ತೀರಿಕೊಂಡರು. ಗಂಡುಮಕ್ಕಳಿಲ್ಲದ ಅತ್ತೆ ನಮ್ಮ ಜೊತೆಗೇ ಬಂದರು. ಅವರದು ಹೊಸಕೋಟೆಯಿಂದ ಆಚೆಯ ಊರು. ಅವರ ಕಡೆ ಒಂದು ಕಟ್ಟಳೆ ಇತ್ತು. ಮಗಳಿಗೆ ಮಗುವಾಗುವ ತನಕ ತಾಯಿತಂದೆ ಅಳಿಯನ ಮನೆಯಲ್ಲಿ ಊಟ ಮಾಡುವಂತಿಲ್ಲ. ನೀರು ಕುಡಿಯಬಹುದು, ಎಲೆಅಡಿಕೆ ಹಾಕಿಕೊಳ್ಳಬಹುದು, ಅನ್ನ ಮಾತ್ರ ಮುಟ್ಟಬಾರದು. ಮಗುವಾದರೆ ಆ ಮನೆಯಲ್ಲಿ ತಮ್ಮ ರಕ್ತವೂ ಇದೆ ಎಂದು ಕಟ್ಟಳೆ ಸಡಿಲವಾಗುತ್ತದೆ. ನಮಗೆ ಮಗುವಾಗಲಿಲ್ಲ. ಈ ಹೃದಯ ಬಸಿರನ್ನು ತಾಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಬಂದ ದಿನ ಅತ್ತೆ ಚಾಪೆಯ ಮೇಲೆ ಕುಳಿತು, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, "ನನಗೆ ಇಷ್ಟೇ ಸಾಕು" ಎಂದರು.

"ಸಾಯೋವರ್ಗೂ ಇದರ ಮೇಲೇ ಇರ್ತೀಯೇನಮ್ಮ?" ಎಂದಳು ಇವಳು.

"ಇರ್ತೀನಿ. ನಿಮ್ಮಪ್ಪನ ಮಾನ ಕಳೀಬೇಕಾ ನಾನು?"

"ಅಪ್ಪ ಹೋಗುವಾಗ ಮಾನ ಒಂದನ್ನ ನಿನ್ನ ಚೀಲಕ್ಕೆ ಹಾಕಿ ಹೋದ್ರಾ?"

ಅತ್ತೆ ಮುಖ ತಿರುಗಿಸಿದರು. ಮಾರನೆಯ ದಿನ ಇವಳು ಒಂದು ಸೀಮೆಎಣ್ಣೆ ಸ್ಟೌವ್ ತಂದು ಹಿಂದಿನ ಜಗಲಿಯಲ್ಲಿಟ್ಟಳು. "ಇದು ನಿನ್ನ ಒಲೆ. ಇದರ ಮೇಲೆ ಬೇಯೋದೆಲ್ಲ ನನ್ನ ಸಂಬಳದ್ದು. ಅಳಿಯಂದ್ರದ್ದು ಒಂದು ಕಾಳೂ ಇಲ್ಲ. ಮಗಳು ದುಡಿದು ಹಾಕಿದ್ದು ಉಣ್ಣಬಾರದು ಅಂತ ಯಾವ ಕಟ್ಟಳೇಲೂ ಇಲ್ಲ." ಅಂದಿನಿಂದ ಅತ್ತೆ ಅಲ್ಲೇ ಬೇಯಿಸಿಕೊಂಡು ಉಂಡರು. ಎರಡು ಒಲೆಗೂ ಅಕ್ಕಿ ಹೋಗುತ್ತಿದ್ದದ್ದು ಒಂದೇ ಡಬ್ಬದಿಂದ. ಮೂವರಿಗೂ ಅದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಪಾಠವನ್ನು ಮೊದಲು ನನಗೆ ಹೇಳಿ ನೋಡುವುದು ಅವಳ ಅಭ್ಯಾಸ. ಸಂಜೆ ನಾನು ಮಿಷನ್ ತುಳಿಯುತ್ತಿದ್ದರೆ ಪಕ್ಕದ ಕಟ್ಟಿಂಗ್ ಟೇಬಲ್ಲಿನ ಮೇಲೆ ಪುಸ್ತಕ ಹರವಿಕೊಂಡು, "ನಿಮಗೆ ಅರ್ಥ ಆದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ ಬಿಡಿ" ಎನ್ನುತ್ತಿದ್ದಳು. ಅದು ಹೊಗಳಿಕೆಯಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೆ. ಅವಳ ಕ್ಲಾಸಿನ ಮಕ್ಕಳು ಮನೆಯಲ್ಲಿ ತಮಿಳು, ದಖನಿ, ತೆಲುಗು ಆಡುವವರು. ಪುಸ್ತಕದ 'ಕೋಶೀಯ ಉಸಿರಾಟ' ಅವರ ಬಾಯಿಗೆ ಕಲ್ಲು ಸಿಕ್ಕಿದ ಹಾಗೆ. ಅದನ್ನು ಪುಡಿ ಮಾಡಿ ಕೊಡುವುದು ಹೇಗೆ ಎನ್ನುವುದೇ ಅವಳ ಚಿಂತೆ.

"ಉಸಿರಾಟ ಅಂದ್ರೆ ಮೂಗಿಂದು ಅಂದ್ಕೊಂಡಿದೀರಾ?"

"ಮತ್ತೆ?"

"ಮೂಗು ಬರೀ ಬಾಗ್ಲು ಕಣ್ರೀ. ನಿಜವಾದ ಉಸಿರಾಟ ಒಳಗೆ, ಒಂದೊಂದು ಜೀವಕೋಶದಲ್ಲೂ."

ಉಂಡ ಅನ್ನ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ, ರಕ್ತ ಅದನ್ನು ಮೈಯ ಪ್ರತಿ ಜೀವಕೋಶದ ಬಾಗಿಲಿಗೂ ಒಯ್ಯುತ್ತದೆ, ಉಸಿರಿನಿಂದ ತೆಗೆದುಕೊಂಡ ಆಮ್ಲಜನಕವನ್ನೂ ಒಯ್ಯುತ್ತದೆ ಎಂದಳು. ಅಲ್ಲಿ ಸಕ್ಕರೆ ಒಡೆದು, ಆಮ್ಲಜನಕದ ಜೊತೆ ಸೇರಿ, ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈ ಆಕ್ಸೈಡ್, ಮತ್ತು ನಮಗೆ ಬೇಕಾದ ಶಕ್ತಿ. ಒಲೆಯಲ್ಲಿ ಸೌದೆ ಉರಿದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಆದರೆ ಸೌದೆ ಒಂದೇ ಸಲಕ್ಕೆ ಹೊತ್ತಿ ಎಲ್ಲವನ್ನೂ ಶಾಖವಾಗಿ ಚೆಲ್ಲಿಬಿಡುತ್ತದೆ. ಜೀವಕೋಶ ಹಾಗೆ ಮಾಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಒಂದೊಂದು ಮೆಟ್ಟಿಲಿನಲ್ಲೂ ಒಂದಿಷ್ಟು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿಯಲಾಗದ್ದು ಮೈಯ ಬಿಸುಪಾಗುತ್ತದೆ.

"ಒಂದೇ ಸಲ ಹೊತ್ಕೊಂಡ್ರೆ?" ಎಂದೆ.

"ಬೂದಿ ಆಗ್ತೀವಿ, ಅಷ್ಟೇ" ಎಂದು ನಕ್ಕಳು.

ಹಿಡಿದಿಟ್ಟ ಶಕ್ತಿಗೆ ಅವರ ಪುಸ್ತಕದಲ್ಲಿ ಎ.ಟಿ.ಪಿ. ಎಂದು ಹೆಸರು. ಅದು ನನ್ನ ತಲೆಗೆ ಇಳಿಯಲಿಲ್ಲ. ಅವಳು ನನ್ನ ಮಿಷನ್ ಕಡೆ ನೋಡಿ, "ಈ ದೊಡ್ಡ ರೀಲನ್ನ ಹಂಗೇ ಕೆಳಗೆ ಹಾಕಿದ್ರೆ ಹೊಲಿಗೆ ಬೀಳುತ್ತಾ?" ಎಂದು ಕೇಳಿದಳು.

"ಎಲ್ಲಿ ಬೀಳುತ್ತೆ? ಕೆಳಗಿನ ದಾರಾನ ಈ ಪುಟ್ಟ ಬಾಬಿನ್‌ಗೆ ಸುತ್ತಬೇಕು."

"ಹಂಗೇ. ಅನ್ನ ಅಂದ್ರೆ ದೊಡ್ಡ ರೀಲು. ಮೈ ಅದನ್ನ ನೇರವಾಗಿ ಬಳಸಕ್ಕಾಗಲ್ಲ. ಚಿಕ್ಕ ಚಿಕ್ಕ ಬಾಬಿನ್‌ಗೆ ಸುತ್ಕೋಬೇಕು, ಅದೇ ಎ.ಟಿ.ಪಿ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತ ಇರುತ್ತಲ್ಲ, ಅಲ್ಲೇ ಹೆಚ್ಚಿನ ಬಾಬಿನ್ ಸುತ್ತೋದು. ಕಣ್ಣು ಮಿಟುಕಿಸಬೇಕಾದ್ರೂ ಬಾಬಿನ್ ಬೇಕು."

"ಮಲಗಿದಾಗ?"

"ಆಗ್ಲೂ ಬೇಕು. ಎದೆ ಹೊಡ್ಕೋಬೇಡ್ವಾ? ಆ ಅಂಗಡಿಗೆ ರಜೆ ಇಲ್ಲ."

ವರ್ಷಕ್ಕೊಮ್ಮೆ ಈ ಪಾಠ ಬಂದಾಗ ಅತ್ತೆಗೂ ಇವಳಿಗೂ ಜಗಳ. ಅತ್ತೆಯ ಎಲೆಅಡಿಕೆಯ ಸುಣ್ಣದ ಡಬ್ಬಿ ಬೆಳಗಾಗುವುದರೊಳಗೆ ಖಾಲಿಯಾಗಿರುತ್ತಿತ್ತು. ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡರೆ ಅದೇ ಸುಣ್ಣದ ತಿಳಿನೀರು. ನೋಡಲು ಕುಡಿಯುವ ನೀರಿನ ಹಾಗೆಯೇ. ಅದರೊಳಕ್ಕೆ ಕೊಳವೆಯಿಂದ ಊದಿದರೆ ಉಸಿರಿನ ಇಂಗಾಲದ ಡೈ ಆಕ್ಸೈಡ್ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ. ಕೊಳವೆಗೆ ನಮ್ಮ ಹಿಂದಿನ ಗೋಡೆಯ ಪಕ್ಕದ ಪರಂಗಿ ಗಿಡದ ಎಲೆಯ ದಂಟು. ಕತ್ತರಿಸಿದರೆ ಒಳಗೆಲ್ಲ ಟೊಳ್ಳು.

"ನನ್ನ ಸುಣ್ಣ ಕದ್ದು ಊರ ಮಕ್ಕಳಿಗೆ ಹಾಲು ಮಾಡ್ತಾಳೆ ಮಹಾರಾಯ್ತಿ" ಎಂದು ಅತ್ತೆ ಗೋಡೆಯಾಚೆಯ ಮನೆಯವರಿಗೆ ಕೇಳುವ ಹಾಗೆ ಗೊಣಗುತ್ತಿದ್ದರು.

ಒಂದು ವರ್ಷ ಅವಳು ಶಾಲೆಯಿಂದ ಮಂಕಾಗಿ ಬಂದಳು. ಮಕ್ಕಳು ಊದಿ ಬೆಳ್ಳಗೆ ಮಾಡಿದ ನೀರನ್ನು ತೋರಿಸಿ, "ನೋಡಿ, ಬೆಳಗ್ಗೆ ನೀವು ತಿಂದ ಇಡ್ಲಿ ಉರಿದು ಹೊರಗೆ ಬಂತು" ಎಂದಿದ್ದಳಂತೆ. ಆಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಾನು ನಾಷ್ಟಾನೇ ಮಾಡಿಲ್ಲ. ನಿನ್ನೆ ರಾತ್ರೀನೂ ಇಲ್ಲ. ಆದ್ರೂ ನಂದೂ ಬಿಳಿ ಬಂತು!" ಎಂದಳಂತೆ. ತಾನೇ ಗೆದ್ದೆ ಎನ್ನುವ ಖುಷಿ ಆ ಹುಡುಗಿಯ ಮುಖದಲ್ಲಿತ್ತಂತೆ.

"ನೀನೇನಂದೆ?"

"ಏನಂತ ಅನ್ಲಿ? ಹಿಂದೆ ತಿಂದಿದ್ದು ಮೈಯಲ್ಲಿ ಕೂಡಿಟ್ಟಿರುತ್ತಲ್ಲ, ಅದು ಉರಿಯುತ್ತಮ್ಮ ಅಂದೆ. ಅದು ಮುಗಿದ್ರೆ ಕೊಬ್ಬು. ಕೊಬ್ಬೂ ಸಾಲದೆ ಹೋದ್ರೆ ಮಾಂಸ. ಉರಿ ಮಾತ್ರ ನಿಲ್ಲಲ್ಲ. ಅಷ್ಟು ಹೇಳಿ ಆ ಮಗು ತೋಳು ನೋಡ್ದೆ ರೀ. ಕಡ್ಡಿ."

ಆಮೇಲಿನ ದಿನಗಳಲ್ಲಿ ಅವಳು ಬೆಳಗ್ಗೆ ಹೆಚ್ಚಿಗೆ ಚಪಾತಿ ಸುಟ್ಟು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಅವಳಿಗೆ ಸುಸ್ತು ಹೆಚ್ಚಿತು. ಬಸ್ಸಿಳಿದು ಮನೆಗೆ ಬರುವ ಹಾದಿಯಲ್ಲಿ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಒಂದು ಆಪರೇಷನ್ ಹಿಂದೆಯೇ ಆಗಿತ್ತು. ಇನ್ನೊಂದನ್ನು ಈ ಹೃದಯ ತಾಳುವುದಿಲ್ಲ ಎಂದರು. ನನಗೆ ತೋಚಿದ್ದು ಒಂದೇ, ತಿನ್ನಿಸುವುದು. ಶಿವಾಜಿನಗರದ ಮಾರ್ಕೆಟ್ಟಿನಿಂದ ಕುರಿಕಾಲು ತಂದು ಸೂಪು ಮಾಡಿದೆ. ರಾಗಿ ಗಂಜಿ, ಮೊಟ್ಟೆ, ಖರ್ಜೂರ. "ತಿನ್ನೇ, ತಿಂದ್ರೆ ಶಕ್ತಿ ಬರುತ್ತೆ" ಎಂದು ಚಮಚ ಹಿಡಿದು ಕೂರುತ್ತಿದ್ದೆ.

"ಒಲೆಗೆ ಸೌದೆ ತುರುಕ್ತಾನೇ ಇದೀರಲ್ರೀ" ಎಂದಳು ಒಂದು ದಿನ, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತ. "ಗಾಳಿ ಸಾಲ್ತಿಲ್ಲ ಅಂತೀನಿ. ನೀವು ಇನ್ನೊಂದು ಸೌದೆ ತರ್ತೀರಿ."

ಅವಳು ಹೇಳುತ್ತಿರುವುದು ನನಗೆ ಅರ್ಥವಾಗುತ್ತಿತ್ತು. ಹೃದಯ ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ರಕ್ತ ಒಯ್ಯುವ ಆಮ್ಲಜನಕ ಜೀವಕೋಶಗಳಿಗೆ ಸಾಲುತ್ತಿಲ್ಲ. ಸಕ್ಕರೆ ಬಾಗಿಲಲ್ಲಿ ಬಂದು ಕೂತಿದ್ದರೂ ಬಾಬಿನ್ ಅರ್ಧವೇ ಸುತ್ತುತ್ತದೆ. ಎಲ್ಲ ಗೊತ್ತಿದ್ದೂ ಚಮಚ ಕೆಳಗಿಡಲಿಲ್ಲ. ಕೈಯಲ್ಲಿ ಚಮಚವಿಲ್ಲದಿದ್ದರೆ ಅವಳ ಮುಂದೆ ನಾನೇನು ಮಾಡಬೇಕೋ ಗೊತ್ತಿರಲಿಲ್ಲ. ನನಗೋಸ್ಕರ ಅವಳು ಎರಡು ತುತ್ತು ನುಂಗುತ್ತಿದ್ದಳು. ಹಾಗೆ ನುಂಗಿದ್ದು ಅವಳ ಹೊಟ್ಟೆಗೆ ಭಾರವಾಗುತ್ತಿತ್ತು ಎಂದು ಅತ್ತೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಶಾಲೆಗಳು ಶುರುವಾಗುವ ತಿಂಗಳಲ್ಲಿ, ಒಂದು ಬೆಳಗ್ಗೆ, ಅವಳು ಹೋದಳು.

ಕಲ್ಪಳ್ಳಿಯಲ್ಲಿ ಬೆಂಕಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಅಲ್ಲ. ಬೂದಿ ಆಗ್ತೀವಿ ಎಂದು ಅವಳು ನಕ್ಕದ್ದು ನೆನಪಾಗಿ ನಾನು ಹಿಂದೆ ಸರಿದು ನಿಂತೆ.

ಮೊದಲ ದಿನಗಳಲ್ಲಿ ನಮ್ಮ ಒಲೆ ಹೊತ್ತಲಿಲ್ಲ. ಗೋಡೆಯಾಚೆಯ ಮನೆಯ ಹೆಂಗಸು, ವಠಾರದವರೆಲ್ಲ ಆಪಾ ಎಂದು ಕರೆಯುತ್ತಿದ್ದವರು, ಹಾಲು, ಬಾಳೆಹಣ್ಣು, ರಸ್ಕು ಕ್ಯಾರಿಯರಿನಲ್ಲಿ ತಂದಿಡುತ್ತಿದ್ದರು. ತಿಥಿ ಮುಗಿದು ನೆಂಟರು ಚದುರಿದ ಮೇಲೆ ನಾನು ಅಡಿಗೆ ಮಾಡತೊಡಗಿದೆ. ಜಗಲಿಯ ಸ್ಟೌವ್ ತಣ್ಣಗೆ ಕೂತಿತ್ತು. ಅತ್ತೆಗೂ ತಟ್ಟೆಯಲ್ಲಿ ಹಾಕಿಕೊಟ್ಟರೆ, "ಅಲ್ಲಿ ಮಡಗಿ, ಆಮೇಲೆ ಉಣ್ತೀನಿ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ತೊಳೆದ ತಟ್ಟೆ ಬೋರಲು ಬಿದ್ದಿರುತ್ತಿತ್ತು. ಉಂಡರು ಎಂದುಕೊಳ್ಳುತ್ತಿದ್ದೆ.

ನನ್ನ ಹಸಿವು ಮಾತ್ರ ಇಳಿಯಲಿಲ್ಲ. ದುಃಖದಲ್ಲಿ ಅನ್ನ ಸೇರುವುದಿಲ್ಲ ಎನ್ನುವುದನ್ನು ಕೇಳಿದ್ದೆ. ನನಗೆ ಸೇರುತ್ತಿತ್ತು. ಅಳುತ್ತಿದ್ದರೂ ಹೊಟ್ಟೆ ತನ್ನ ಹೊತ್ತಿಗೆ ಕರೆಯುತ್ತಿತ್ತು. ಒಂದು ಮಧ್ಯಾಹ್ನ ಎರಡನೇ ಸಲ ಅನ್ನ ಬಡಿಸಿಕೊಳ್ಳುವಾಗ ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಉಣ್ಣಿ ಅಳಿಯಂದ್ರೇ, ಉಣ್ಣಿ" ಎಂದರು. "ನಿಮ್ಮ ಗಂಟ್ಲಲ್ಲಿ ಇಳೀತದಲ್ಲ. ಅಷ್ಟೇ ಪುಣ್ಯ."

ಬಡಿಸಿಕೊಂಡದ್ದನ್ನು ವಾಪಸು ಪಾತ್ರೆಗೆ ಹಾಕಿದೆ. ಮಾರನೆಯ ದಿನ ಮತ್ತೆ ಹಸಿವಾಯಿತು, ಮತ್ತೆ ಉಂಡೆ. ಅವರು ಜಗಲಿಗೆ ಹೋಗುವುದನ್ನು ಕಾದು, ಕಳ್ಳನ ಹಾಗೆ ಉಂಡೆ.

ಹೀಗಿರುವಾಗ ಆಪಾ ಒಂದು ದಿನ ಮನೆಯ ಮುಂಭಾಗದಲ್ಲೇ ಇದ್ದ ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದರು. ಹಬ್ಬಕ್ಕೆಂದು ಅವರು ಸಾಕಿದ್ದ ಟಗರನ್ನು ನಮ್ಮ ಹಿಂದಿನ ಗೋಡೆಯ ಆಚೆ ಕಟ್ಟುತ್ತಿದ್ದರು.

"ಮಾಸ್ಟರೇ, ತಪ್ಪು ತಿಳ್ಕೋಬೇಡಿ. ಅಮ್ಮಂಗೆ ಒಂದ್ ಮಾತು ಹೇಳಿ, ನಮ್ ಟಗರಿಗೆ ಇಷ್ಟ್ ಅನ್ನ ಬೇಡ. ಹೊಟ್ಟೆ ಊದ್ಕೊಂಡು ಬಿದ್ದಿದೆ. ಸೊಪ್ಪು ಹಾಕಿದ್ರೆ ನವಾಬನ ಥರ ಮುಖ ತಿರುಗಿಸ್ತದೆ."

"ಯಾವ ಅನ್ನ ಆಪಾ?"

"ದಿನಾ ಗೋಡೆ ಮೇಲಿಂದ ಹಾಕ್ತಾರಲ್ಲ. ಮಿಕ್ಕಿದ್ದು ಅಂದ್ಕೊಂಡಿದ್ದೆ. ಮಿಕ್ಕಿದ್ದು ಅಷ್ಟಿರುತ್ತಾ? ಉಪ್ಪಿನಕಾಯಿ ಸಮೇತ?" ಎಂದು ನಗಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಯಾ ಅಲ್ಲಾ. ಅಮ್ಮ ಊಟ ಮಾಡ್ತಿಲ್ವಾ? ನಮ್ ಮನೇಲಿ ಟೀ ಜೊತೆ ಒಂದ್ ರಸ್ಕ್ ತಿಂದು ಹೋಗ್ತಾರೆ, ಅಷ್ಟೇ."

ಹಿಂದಕ್ಕೆ ಹೋದೆ. ಅತ್ತೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಅವರ ಕುಪ್ಪಸವನ್ನು ನಾನೇ ಹೊಲಿದಿದ್ದೆ. ಅದರ ತೋಳು ಈಗ ತೋಳಿಗೆ ತಾಗದೆ ಚೀಲದ ಹಾಗೆ ಜೋತಾಡುತ್ತಿತ್ತು. ಅಳತೆ ಹಿಡಿಯುವುದೇ ನನ್ನ ಕಸುಬು. ಬೀದಿಯಲ್ಲಿ ಹೋಗುವ ಸಿಪಾಯಿಯ ಭುಜ ನೋಡಿ ಎಷ್ಟು ಬಟ್ಟೆ ಬೇಕೆಂದು ಹೇಳುವವನು. ಒಂದೇ ಮನೆಯಲ್ಲಿದ್ದು ಇದನ್ನು ನೋಡಿರಲಿಲ್ಲ.

"ಅತ್ತೆ, ಅನ್ನ ಟಗರಿಗೆ ಹಾಕ್ತಿದೀರಂತೆ."

"ಹೂಂ." ಮುಚ್ಚಿಡುವ ಯೋಚನೆಯೇ ಅವರಿಗಿರಲಿಲ್ಲ. "ಅದಕ್ಕೇನು ಕಟ್ಟಳೆ ಐತೆ? ಉಣ್ತದೆ."

"ನಿಮಗೆ?"

"ನಾನು ಉಂಡಿದ್ದು ಮಗಳ ಸಂಬಳ. ಮಗಳೂ ಹೋದ್ಲು, ಸಂಬಳಾನೂ ಹೋಯ್ತು. ಇನ್ನು ನಿಮ್ಮ ಅನ್ನಾನ ಏನಂತ ಉಣ್ಲಿ?"

"ಅಕ್ಕಿ ಒಂದೇ ಡಬ್ಬದ್ದು ಅಂತ ನಿಮಗೂ ಗೊತ್ತಿತ್ತಲ್ಲ ಅತ್ತೆ."

"ಗೊತ್ತಿತ್ತು. ಅವಳು ಸುಳ್ಳು ಹೇಳ್ತಿದ್ಲು, ನಾನು ಉಣ್ತಿದ್ದೆ." ಅಡಕತ್ತರಿಯನ್ನು ಕೆಳಗಿಟ್ಟರು. "ಈಗ ಸುಳ್ಳು ಹೇಳೋರು ಯಾರವ್ರೆ?"

ಅವಳಾಗಿದ್ದರೆ ಫಟ್ಟನೆ ಏನಾದರೂ ಹೇಳುತ್ತಿದ್ದಳು. ನಾನು ಮಾತಿನಲ್ಲಿ ಹಿಂದೆ. ಹೀಗೇ ಬಿಟ್ಟರೆ ಈ ಹೆಂಗಸು ನನ್ನ ಕಣ್ಣ ಮುಂದೆಯೇ ಸವೆದು ಹೋಗುತ್ತಾರೆ, ಅವರನ್ನು ಕಲ್ಪಳ್ಳಿಗೆ ಒಯ್ದು ಬಂದು ಮತ್ತೆ ನಾನು ಉಣ್ಣುತ್ತೇನೆ ಎನ್ನುವುದು ಮಾತ್ರ ಕಾಣಿಸುತ್ತಿತ್ತು.

"ಹಿಂಗಿದ್ರೆ ಎಷ್ಟು ದಿನ ಇರ್ತೀರಿ?" ಎಂದೆ.

"ಇದ್ದಷ್ಟು ದಿನ. ನನಗೆ ಹಸಿವೇ ಇಲ್ಲ ಬುಡಿ. ಕೂತಲ್ಲೇ ಕೂತಿರೋಳು. ಉಣ್ಣದೋಳ ಮೈಯಾಗೆ ಏನು ಖರ್ಚಾಗ್ತದೆ?"

ಆ ಮಾತಿಗೆ ಶಾಲೆಯ ಆ ಹುಡುಗಿ ನೆನಪಾದಳು. ನಾಷ್ಟಾ ಮಾಡದೆ ಬಂದು, ತಾನೇ ಗೆದ್ದೆ ಎಂದು ಕುಣಿದವಳು.

ಅತ್ತೆಯ ಸುಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು. ಕೇಳದೆ ತೆಗೆದುಕೊಂಡೆ. ಅದರಲ್ಲಿದ್ದ ಸುಣ್ಣವನ್ನೆಲ್ಲ ಚೊಂಬಿನ ನೀರಿಗೆ ಹಾಕಿ ಕದಡಿದೆ. "ಇವರಿಗೂ ಬಂತಾ ಆ ಹುಚ್ಚು" ಎಂದರು ಅತ್ತೆ. ಸುಣ್ಣ ತಳಕ್ಕೆ ಇಳಿಯುವ ತನಕ ಇಬ್ಬರೂ ಕಾದೆವು. ಆಮೇಲೆ ತಿಳಿಯನ್ನು ಒಂದು ತುಂಡು ಬಿಳಿ ಬಟ್ಟೆಯಲ್ಲಿ ಎರಡು ಗಾಜಿನ ಲೋಟಕ್ಕೆ ಸೋಸಿದೆ. ಪರಂಗಿ ಎಲೆಯ ದಂಟು ಕತ್ತರಿಸಿ ತಂದೆ. ಮೊದಲು ನಾನು ಊದಿದೆ. ನೀರು ಮಂಕಾಯಿತು, ಆಮೇಲೆ ಬೆಳ್ಳಗಾಯಿತು.

"ಇದು ಮಧ್ಯಾಹ್ನ ನಾನು ಉಂಡಿದ್ದು" ಎಂದೆ. ಹೇಳಲು ನಾಚಿಕೆಯಾಯಿತು. "ಈಗ ನೀವು ಊದಿ."

"ನನಗ್ಯಾಕೆ ಇಸ್ಕೂಲ್ ಮಕ್ಕಳಾಟ?"

"ಅವಳ ಆಟ ಅತ್ತೆ. ಒಂದ್ಸಲ."

ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ದಂಟನ್ನು ತುಟಿಗಿಟ್ಟುಕೊಂಡರು. ಮೊದಲು ಕೆಮ್ಮು ಬಂತು. ಸುಧಾರಿಸಿಕೊಂಡು ಊದಿದರು. ಗುಳ್ಳೆಗಳು ಎದ್ದವು. ನೀರು ನಿಧಾನವಾಗಿ ಬೆಳ್ಳಗಾಯಿತು. ನನ್ನದರಷ್ಟೇ ಬೆಳ್ಳಗೆ.

ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತರು.

"ಅವಳ ಉಸಿರೂ ಹಿಂಗೇ ಆಗ್ತಿತ್ತಾ?"

"ಎಲ್ಲರದೂ."

"ನಾನು ಒಂದು ರಸ್ಕ್ ಬಿಟ್ರೆ ಏನೂ ತಿಂದಿಲ್ವಲ್ಲ. ಇದೇನು ಉರೀತಿರೋದು?"

"ನೀವೇ" ಎಂದೆ. ಅವಳು ನನಗೆ ಹೇಳಿದ್ದನ್ನೆಲ್ಲ ನನಗೆ ಬಂದ ಮಾತಿನಲ್ಲಿ ಹೇಳಿದೆ. ಉರಿ ನಿಲ್ಲುವುದಿಲ್ಲ, ನಿಂತರೆ ನಾವಿಲ್ಲ. ಅನ್ನ ಹಾಕದಿದ್ದರೆ ಅದು ಮೈಯನ್ನೇ ತೆಗೆದುಕೊಳ್ಳುತ್ತದೆ. ಮೊದಲು ಕೂಡಿಟ್ಟದ್ದು, ಆಮೇಲೆ ಕೊಬ್ಬು, ಆಮೇಲೆ ತೋಳಿನ ಮಾಂಸ. ಕರಗಿದ್ದೆಲ್ಲ ಹೆಚ್ಚಾಗಿ ಹೋಗುವುದು ಉಸಿರಿನಲ್ಲೇ. ನಮಗೆ ಕಾಣಿಸುವುದಿಲ್ಲ, ಸುಣ್ಣದ ನೀರಿಗೆ ಕಾಣಿಸುತ್ತದೆ.

ಅತ್ತೆ ಜೋತಾಡುವ ತೋಳನ್ನು ಮೇಲಕ್ಕೆ ಸರಿಸಿ ತಮ್ಮ ಕೈಯನ್ನು ನೋಡಿಕೊಂಡರು.

"ಊರಿಂದ ಬಂದಾಗ ನಾನು ಬರೀ ಮೂಳೆ. ನಿಮಗೆ ಗೊತ್ತೈತಲ್ಲ. ಈ ಮೈಮೇಲೆ ಏನಿದ್ರೂ ಅವಳು ಹಾಕಿದ ಅನ್ನ."

ಅವರು ಮತ್ತೆ ಲೋಟದ ಕಡೆ ನೋಡಿದರು.

"ಅದನ್ನ ನಾನು ಊದಿ ಊದಿ ಖಾಲಿ ಮಾಡ್ತಾ ಇದೀನಾ?"

ಹೌದೆಂದು ತಲೆಯಾಡಿಸಿದೆ.

ಅವರು ಲೋಟ ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಯ್ಯುವ ದನಿಯಲ್ಲಿ, "ಮತ್ತೆ ಏನು ನೋಡ್ತಾ ಕೂತಿದೀರ? ಅನ್ನ ತನ್ನಿ. ನಿಮ್ಮದು ಉರೀಲಿ. ಅವಳದ್ದು ಇರ್ಲಿ" ಎಂದರು.

ಆ ಕ್ಷಣವೇ ನನಗೆ ಇನ್ನೊಂದು ನೆನಪಾಗಿತ್ತು. ಮೈ ಎನ್ನುವುದು ಕೂಡಿಟ್ಟ ಪೆಟ್ಟಿಗೆಯಲ್ಲ, ಉಂಡರೂ ಉಣ್ಣದಿದ್ದರೂ ಒಳಗೆ ಹಳೆಯದು ಕಳಚುತ್ತ ಹೊಸದು ಸೇರುತ್ತಲೇ ಇರುತ್ತದೆ ಎಂದು ಅವಳು ಹೇಳಿದ್ದಳು. "ಹೋದ ವರ್ಷದ ನೀವೇ ಬೇರೆ, ಈ ವರ್ಷದ ನೀವೇ ಬೇರೆ. ಬೈಗುಳ ಮಾತ್ರ ಅದೇ" ಎಂದು ತಮಾಷೆ ಮಾಡಿದ್ದಳು. ಅಂದರೆ ನನ್ನ ಅನ್ನ ಉಂಡರೂ ಅವಳ ಅನ್ನ ಅತ್ತೆಯ ಮೈಯಲ್ಲಿ ಉಳಿಯುವುದಿಲ್ಲ. ನಿಧಾನವಾಗಿ ಅದೂ ಉಸಿರಾಗಿ ಹೋಗುತ್ತದೆ, ಅದರ ಜಾಗದಲ್ಲಿ ನನ್ನದು ಬಂದು ಕೂರುತ್ತದೆ. ಇದನ್ನು ನಾನು ಹೇಳಲಿಲ್ಲ. ಎದ್ದು ಹೋಗಿ ಅನ್ನ ತಂದೆ. ಸುಳ್ಳು ಹೇಳುವವರು ಯಾರೆಂದು ಅವರು ಕೇಳಿದ್ದರಲ್ಲ, ಆ ಜಾಗಕ್ಕೆ ನಾನು ಹೋಗಿ ಕೂತಿದ್ದೆ.

ಅವರು ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಗೋಡೆಯಾಚೆ ಟಗರು ತನ್ನ ಹೊತ್ತಿಗೆ ಸರಿಯಾಗಿ ಕೂಗಿತು. ಅತ್ತೆ ತುತ್ತು ನುಂಗಿ, "ಕೂಗ್ಲಿ ಬುಡಿ, ಸೊಪ್ಪು ತಿನ್ಲಿ ಇನ್ಮೇಲೆ" ಎಂದರು. ನನ್ನ ಕಡೆ ನೋಡಿ, "ನೀವೂ ಹಾಕ್ಕೊಳಿ. ಆವತ್ತು ಅಂದಿದ್ದನ್ನ ಮನಸಿಗೆ ಹಚ್ಕೋಬೇಡಿ. ನಿಮ್ಮ ಉರಿಗೂ ಏನಾದ್ರೂ ಬೇಕಲ್ಲ" ಎಂದರು. ಹಾಕಿಕೊಂಡೆ. ಹಸಿವಿತ್ತು.

ಅದಾದ ಮೇಲೆ ಅತ್ತೆ ಕೆಲವು ವರ್ಷ ಬದುಕಿದರು. ಜಗಲಿಯ ಸ್ಟೌವ್ ಮತ್ತೆ ಹೊತ್ತಿತು. ಅವರೇ ಬೇಯಿಸಿ ಇಬ್ಬರಿಗೂ ಬಡಿಸುತ್ತಿದ್ದರು. ಕುಪ್ಪಸದ ತೋಳು ಮತ್ತೆ ತುಂಬಿಕೊಂಡಿತು. ಊಟದ ನಂತರ ಒಮ್ಮೊಮ್ಮೆ ತಮ್ಮ ರಟ್ಟೆಯನ್ನು ತಟ್ಟಿಕೊಂಡು, "ಇದ್ದಾಳೆ, ಇದ್ದಾಳೆ" ಎನ್ನುತ್ತಿದ್ದರು. ನಾನು ಮಿಷನ್ ಕಡೆ ತಿರುಗುತ್ತಿದ್ದೆ.

ಹೋದ ತಿಂಗಳು ಅವರನ್ನೂ ಕಲ್ಪಳ್ಳಿಗೆ ಒಯ್ದು ಬಂದೆ. ಮೆಟ್ರೋ ಕೆಲಸಕ್ಕೆಂದು ರಸ್ತೆ ಅಗೆದು ಹಾಕಿದ್ದರಿಂದ ಆಟೋ ಸುತ್ತಿ ಸುತ್ತಿ ಬಂತು. ಈ ಸಲವೂ ಹಸಿವಾಯಿತು. ಸುಟ್ಟದ್ದರಲ್ಲಿ ಅವಳ ಅನ್ನ ಎಷ್ಟಿತ್ತು, ನನ್ನದೆಷ್ಟಿತ್ತು ಎಂದು ಯೋಚಿಸುತ್ತ ಮನೆಗೆ ಬಂದು, ಜಗಲಿಯ ಸ್ಟೌವ್ ಹಚ್ಚಿ, ಒಬ್ಬನಿಗಾಗುವಷ್ಟು ಅಕ್ಕಿ ಹಾಕಿದೆ. ಬೇಯುವ ತನಕ ಅದರ ಮುಂದೆಯೇ ಕೂತಿದ್ದೆ.